ಅಢಾವೆ ಪತ್ರಿಕೆಗೆ ಬಾರದ ಬಂಡವಾಳ: ಶ್ರೀಲಂಕಾದ ಕಡಲತೀರ ಮತ್ತು ವನ್ಯಜೀವಿ ಪ್ರವಾಸೋದ್ಯಮ – ಒಂದು ಅಧ್ಯಯನ

ಹೋಟೆಲು ಅಥವಾ ರೆಸಾರ್ಟಿನಲ್ಲಿ ಹಣ ತೊಡಗಿಸುವ ನಮ್ಮ ಸದಸ್ಯರು ಮೊದಲು ನೋಡುವುದು ನಿವೇಶನದ ಬೆಲೆ, ಕಟ್ಟಡದ ವೆಚ್ಚ, ಬ್ಯಾಂಕಿನ ಬಡ್ಡಿ ಮತ್ತು ಕೊಠಡಿಗಳ ಸಂಖ್ಯೆಯನ್ನು. ಇವೆಲ್ಲವೂ ಅಢಾವೆ ಪತ್ರಿಕೆಯಲ್ಲಿ ತಮ್ಮ ತಮ್ಮ ಸ್ಥಾನವನ್ನು ಪಡೆಯುತ್ತವೆ. ಮಂಚ, ಹವಾನಿಯಂತ್ರಕಗಳಿಗೂ ವರ್ಷಕ್ಕಿಷ್ಟೆಂದು ಸವಕಳಿ ಕಳೆಯಲಾಗುತ್ತದೆ. ಆದರೆ ಅತಿಥಿಯು ಸಾವಿರಾರು ಮೈಲಿ ದೂರದಿಂದ ಬರುವುದು ಹವಾನಿಯಂತ್ರಕವನ್ನು ನೋಡುವುದಕ್ಕಲ್ಲ. ಚಿರತೆಯನ್ನು, ಆನೆಯ ಹಿಂಡನ್ನು, ತಿಮಿಂಗಿಲವನ್ನು, ಶುಭ್ರವಾದ ಮರಳಿನ ತೀರವನ್ನು ನೋಡುವುದಕ್ಕೆ. ಉದ್ಯಮದ ಈ ಮೂಲ ಬಂಡವಾಳವು ಯಾವ ಸಂಸ್ಥೆಯ ಲೆಕ್ಕಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ದಾಖಲಾಗದ್ದಕ್ಕೆ ಸವಕಳಿಯನ್ನು ಕಳೆಯುವವರೂ ಇಲ್ಲ. ಹಾಗಾದಾಗ ಏನಾಗುತ್ತದೆಂಬುದನ್ನು ತಿಳಿಯಲು ಶ್ರೀಲಂಕಾಕ್ಕಿಂತ ಸಮೀಪದ ಹಾಗೂ ಸೂಕ್ತವಾದ ಪಾಠಶಾಲೆ ನಮಗೆ ದೊರೆಯಲಾರದು. ಅಲ್ಲಿನ ತೆಂಗು, ಮಳೆ, ಮೀನುಗಾರಿಕೆ, ಅಷ್ಟೇಕೆ ಊಟದ ತಟ್ಟೆಯೂ ನಮ್ಮ ಕರಾವಳಿಗೆ ಅಪರಿಚಿತವಲ್ಲ.

ದ್ವೀಪದ ಅನುಕೂಲ

ಶ್ರೀಲಂಕಾದ ವಿಸ್ತೀರ್ಣ 65,610 ಚದರ ಕಿ.ಮೀ.; ಕರ್ನಾಟಕದ ಸುಮಾರು ಮೂರನೆಯ ಒಂದು ಭಾಗ. ಈ ಚಿಕ್ಕತನವೇ ಅದರ ದೊಡ್ಡ ವ್ಯಾಪಾರಿ ಅನುಕೂಲ. ಕೀನ್ಯಾದಲ್ಲಿ ಮಸಾಯಿ ಮಾರಾದ ಸಿಂಹಗಳನ್ನು ಕಂಡವನು ಮೊಂಬಾಸಾದ ಕಡಲತೀರಕ್ಕೆ ಹೋಗಬೇಕಾದರೆ ಸಾಮಾನ್ಯವಾಗಿ ವಿಮಾನವನ್ನೇ ಹಿಡಿಯಬೇಕು. ಶ್ರೀಲಂಕಾದ ಆಗ್ನೇಯ ಮೂಲೆಯಲ್ಲಿರುವ ಯಾಲ ರಾಷ್ಟ್ರೀಯ ಉದ್ಯಾನದ ಕುರುಚಲು ಕಾಡಾದರೋ ನೇರವಾಗಿ ಸಮುದ್ರದ ದಂಡೆಯಲ್ಲಿಯೇ ಮುಗಿಯುತ್ತದೆ. ಬೆಳಗ್ಗೆ ಚಿರತೆಯನ್ನು ನೋಡಿದವರು ಕೆಲವು ಗಂಟೆಗಳ ರಸ್ತೆ ಪ್ರಯಾಣದ ನಂತರ ಮಿರಿಸ್ಸದ ತೀರದಲ್ಲಿ ಸಂಜೆಯನ್ನು ಕಳೆಯಬಹುದು.

ಎರಡನೆಯ ಅನುಕೂಲವು ಮಳೆಗಾಲದ್ದು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದಿಂದಾಗಿ ಬೆಂತೋಟ, ಹಿಕ್ಕಡುವ, ಮಿರಿಸ್ಸಗಳ ಕಡಲು ಉಗ್ರವಾದಾಗ, ಪೂರ್ವದ ಟ್ರಿಂಕೋಮಲಿ, ಪಾಸಿಕುಡ, ಆರುಗಂ ಕೊಲ್ಲಿಗಳಲ್ಲಿ ನೀರು ಶಾಂತವಾಗಿರುತ್ತದೆ. ಡಿಸೆಂಬರ್ ವೇಳೆಗೆ ಈ ಸ್ಥಿತಿ ತಿರುಗುಮುರುಗಾಗುತ್ತದೆ. ಹೀಗಾಗಿ ದೇಶಕ್ಕೆ ವರ್ಷವಿಡೀ ಒಂದಿಲ್ಲೊಂದು ತೀರದಲ್ಲಿ ಹಂಗಾಮು ಇದ್ದೇ ಇರುತ್ತದೆ. ಪಶ್ಚಿಮ ತೀರವೊಂದನ್ನೇ ನೆಚ್ಚಿ ಜೂನ್‌ನಿಂದ ಕೊಠಡಿಗಳಿಗೆ ಬೀಗ ಹಾಕುವ ನಮ್ಮವರಿಗೆ ಇದು ಅಸೂಯೆ ಹುಟ್ಟಿಸುವಂಥ ಸಂಗತಿಯೇ ಸರಿ.

ಈ ಅನುಕೂಲಗಳನ್ನು ಅಲ್ಲಿನ ಸರ್ಕಾರವು ಬಹಳ ಹಿಂದೆಯೇ ಗುರುತಿಸಿತು. 1966ರಲ್ಲಿ ಸಿಲೋನ್ ಪ್ರವಾಸೋದ್ಯಮ ಮಂಡಳಿ ಸ್ಥಾಪನೆಯಾಯಿತು. ಅದೇ ದಶಕದ ಕೊನೆಯಲ್ಲಿ ಬೆಂತೋಟದಲ್ಲಿ ಯೋಜಿತ ವಿಹಾರಧಾಮವೊಂದು ರೂಪುಗೊಂಡಿತು. ಅಲ್ಲಿ ವಾಸ್ತುಶಿಲ್ಪಿ ಜೆಫ್ರಿ ಬಾವಾ ಕಟ್ಟಿದ ಹೋಟೆಲು ಇಡೀ ಏಷ್ಯಾದ ಕಡಲತೀರದ ವಾಸ್ತುಶೈಲಿಗೆ ಮಾದರಿಯಾಯಿತು. 1983ರ ನಂತರದ ಅಂತರ್ಯುದ್ಧ, 2004ರ ಡಿಸೆಂಬರ್ 26ರ ಸುನಾಮಿ, 2019ರ ಈಸ್ಟರ್ ಬಾಂಬ್ ಸ್ಫೋಟ, ಕೊರೋನಾ, 2022ರ ವಿದೇಶಿ ವಿನಿಮಯ ಬಿಕ್ಕಟ್ಟು – ಒಂದೊಂದೂ ಉದ್ಯಮವನ್ನು ನೆಲಕ್ಕೆ ಕೆಡವಿತು. ಪ್ರತಿ ಬಾರಿಯೂ ಅದು ಎದ್ದು ನಿಂತಿತು. ಯುದ್ಧ ಮುಗಿದ 2009ರಲ್ಲಿ ಸುಮಾರು 4.48 ಲಕ್ಷ ವಿದೇಶಿ ಪ್ರವಾಸಿಗರು ಬಂದಿದ್ದರೆ, 2018ರಲ್ಲಿ ಆ ಸಂಖ್ಯೆ 23.3 ಲಕ್ಷವನ್ನು ಮುಟ್ಟಿತು. 2024ರಲ್ಲಿ 20.5 ಲಕ್ಷ ಜನ ಬಂದರು. ಅವರಲ್ಲಿ ಭಾರತೀಯರದೇ ಮೊದಲ ಸ್ಥಾನ.

ಗಳಿಕೆಯ ಅಂಕಿಗಳನ್ನು ಇದರ ಜೊತೆಗಿಟ್ಟು ನೋಡಬೇಕು. 2018ರ ಗಳಿಕೆ ಸುಮಾರು 438 ಕೋಟಿ ಡಾಲರ್, 2024ರದು ಸುಮಾರು 317 ಕೋಟಿ ಡಾಲರ್. ತಲೆಗೆ ಲೆಕ್ಕ ಹಾಕಿದರೆ ಅಂದು ಸುಮಾರು 1,880 ಡಾಲರ್, ನಂತರ ಸುಮಾರು 1,540 ಡಾಲರ್. ತಂಗುವ ದಿನಗಳು, ಬರುವವರ ದೇಶ, ರೂಪಾಯಿಯ ಅಪಮೌಲ್ಯ ಮುಂತಾದ ಹಲವು ಕಾರಣಗಳು ಇದರಲ್ಲಿ ಸೇರಿರಬಹುದಾದ್ದರಿಂದ ಒಂದೇ ಕಾರಣಕ್ಕೆ ಇದನ್ನು ಕಟ್ಟಿಹಾಕುವುದು ಸರಿಯಲ್ಲ. ಆದರೆ ತಲೆ ಎಣಿಕೆ ಏರಿದ ಮಾತ್ರಕ್ಕೆ ಆದಾಯ ಏರಿತೆಂದು ಹಿಗ್ಗುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಯಾಲದ ಜೀಪುಗಳು

ಯಾಲವು 1900ರಲ್ಲಿ ರಕ್ಷಿತ ಪ್ರದೇಶವಾಗಿ, 1938ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾಯಿತು. ಶ್ರೀಲಂಕಾದಲ್ಲಿ ಹುಲಿಯೂ ಇಲ್ಲ, ಸಿಂಹವೂ ಇಲ್ಲ. ಆದುದರಿಂದ ಚಿರತೆಯೇ ಕಾಡಿನ ಒಡೆಯ. ಹಾಡಹಗಲಿನಲ್ಲಿಯೇ ಬಂಡೆಯ ಮೇಲೆ ನಿರಾತಂಕವಾಗಿ ಮಲಗುತ್ತದೆ. ಅದರಲ್ಲಿಯೂ ಉದ್ಯಾನದ ಒಂದನೆಯ ವಲಯವು, ಕೇವಲ 141 ಚದರ ಕಿ.ಮೀ.ಗಳಷ್ಟು ಪ್ರದೇಶ, ಜಗತ್ತಿನಲ್ಲಿಯೇ ಚಿರತೆಗಳು ಅತ್ಯಂತ ದಟ್ಟವಾಗಿರುವ ತಾಣಗಳಲ್ಲೊಂದು.

ಪ್ರವಾಸಿಗರ ನೂಕುನುಗ್ಗಲೂ ಅಲ್ಲಿಯೇ. ತಿಸ್ಸಮಹಾರಾಮ ಪಟ್ಟಣದಿಂದ ಹೊರಡುವ ಜೀಪುಗಳು ಬಹುಪಾಲು ಖಾಸಗಿ ಮಾಲೀಕರವು. ಹಂಗಾಮಿನ ರಜಾದಿನಗಳಲ್ಲಿ ಅವು ನೂರಾರು ಸಂಖ್ಯೆಯಲ್ಲಿ ಒಳನುಗ್ಗುತ್ತವೆ. ಜೀಪಿನ ಚಾಲಕನ ಸ್ಥಿತಿಯನ್ನು ಕೊಂಚ ಯೋಚಿಸಬೇಕು. ಆತನ ಬಾಡಿಗೆ ನಿಗದಿಯಾದದ್ದು. ಮೇಲಿನ ಭಕ್ಷೀಸು ಮಾತ್ರ ಚಿರತೆ ಕಂಡರೆ ಉಂಟು, ಕಾಣದಿದ್ದರೆ ಇಲ್ಲ. ಹಾಗಾಗಿ ಒಬ್ಬನಿಗೆ ಚಿರತೆ ಕಂಡಿತೆಂಬ ಸುದ್ದಿ ಮೊಬೈಲಿನಲ್ಲಿ ಹಬ್ಬಿದೊಡನೆ ಉಳಿದವರೆಲ್ಲ ಧೂಳೆಬ್ಬಿಸುತ್ತ ಅಲ್ಲಿಗೇ ಧಾವಿಸುತ್ತಾರೆ. ಕಿರಿದಾದ ಮಣ್ಣಿನ ದಾರಿಯಲ್ಲಿ ಮೂವತ್ತು ನಲವತ್ತು ಜೀಪುಗಳು ಒಂದಕ್ಕೊಂದು ಸಿಕ್ಕಿಕೊಂಡು, ಎಂಜಿನ್ನಿನ ಸದ್ದಿಗೆ ಚಿರತೆ ಎದ್ದುಹೋಗುತ್ತದೆ. ಕೊನೆಗೆ ಬಂದ ಅತಿಥಿಗೆ ಕಾಣುವುದು ಮುಂದಿನ ಜೀಪಿನ ಹಿಂಭಾಗ.

ಇಲ್ಲಿ ಯಾವೊಬ್ಬ ಚಾಲಕನನ್ನೂ ದುರಾಸೆಯವನೆಂದು ದೂರಲಾಗದು. ತಾನೊಬ್ಬನೇ ನಿಧಾನವಾಗಿ ಹೋದರೆ ಆತನ ಅಂದಿನ ಭಕ್ಷೀಸು ಇನ್ನೊಬ್ಬನ ಪಾಲಾಗುತ್ತದೆ, ಚಿರತೆಗೆ ಮಾತ್ರ ಯಾವ ಲಾಭವೂ ಇಲ್ಲ. ಎಲ್ಲರಿಗೂ ಸೇರಿದ ಗೋಮಾಳದಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಡುವಂತೆಯೇ ಇದು. ಪರಿಹಾರವು ವ್ಯಕ್ತಿಯ ಸದ್ಗುಣದಲ್ಲಿಲ್ಲ, ದ್ವಾರದಲ್ಲಿ ಎಣಿಸಿ ಒಳಬಿಡುವ ಕಟ್ಟುನಿಟ್ಟಿನಲ್ಲಿದೆ. ಬೇಸಿಗೆಯ ಬರ ತೀವ್ರವಾಗುವ ಸೆಪ್ಟೆಂಬರ್ ಸುಮಾರಿಗೆ ಒಂದನೆಯ ವಲಯವನ್ನು ಕೆಲವು ವಾರ ಮುಚ್ಚುವ ಪದ್ಧತಿ ಅಲ್ಲಿದೆ. ಆ ಅವಧಿಯಲ್ಲಿ ಪ್ರವಾಸಿಗರು ಆನೆಗಳಿಗೆ ಹೆಸರಾದ ಉಡವಲವೆಯತ್ತ ತಿರುಗುತ್ತಾರೆ. ವ್ಯಾಪಾರ ಕೆಡುವುದಿಲ್ಲ, ದಾರಿ ಬದಲಾಗುತ್ತದೆ ಅಷ್ಟೆ.

ಮಿರಿಸ್ಸದ ದೋಣಿಗಳು

ದ್ವೀಪದ ದಕ್ಷಿಣ ತುದಿಯಾದ ದೊಂದ್ರ ಭೂಶಿರದ ಬಳಿ ಸಮುದ್ರದ ತಳವು ದಡದಿಂದ ಕೆಲವೇ ಕಿ.ಮೀ.ಗಳಲ್ಲಿ ಆಳಕ್ಕಿಳಿಯುತ್ತದೆ. ಆ ಆಳದ ಅಂಚಿನಲ್ಲಿ ನೀಲಿ ತಿಮಿಂಗಿಲಗಳು ಮೇಯುತ್ತವೆ. ಬೇರೆಡೆಯ ನೀಲಿ ತಿಮಿಂಗಿಲಗಳು ಆಹಾರಕ್ಕಾಗಿ ಧ್ರುವಪ್ರದೇಶದ ತಣ್ಣೀರಿಗೆ ಹೋಗುತ್ತವೆ. ಇಲ್ಲಿಯವು ಬೆಚ್ಚಗಿನ ನೀರನ್ನು ಬಿಟ್ಟು ಹೋಗುವುದಿಲ್ಲವೆಂಬುದನ್ನು ಜಗತ್ತಿನ ಗಮನಕ್ಕೆ ತಂದವರಲ್ಲಿ ಶ್ರೀಲಂಕಾದವರೇ ಆದ ಸಾಗರ ಜೀವವಿಜ್ಞಾನಿ ಆಶಾ ಡಿ ವೋಸ್ ಪ್ರಮುಖರು. ಯುದ್ಧ ಮುಗಿದ ಮೇಲೆ ಮಿರಿಸ್ಸದ ಮೀನುಗಾರಿಕಾ ಬಂದರು ತಿಮಿಂಗಿಲ ವೀಕ್ಷಣೆಯ ಕೇಂದ್ರವಾಯಿತು. ಮೀನು ಹಿಡಿಯುವುದಕ್ಕಿಂತ ಮೀನು ತೋರಿಸುವುದರಲ್ಲಿ (ತಿಮಿಂಗಿಲ ಮೀನಲ್ಲವೆಂಬುದನ್ನು ಓದುಗರು ಕ್ಷಮಿಸಬೇಕು) ಹೆಚ್ಚು ಗಿಟ್ಟುತ್ತದೆಂದು ಊರಿಗೆ ಗೊತ್ತಾಯಿತು.

ಯಾಲದ ಕತೆ ನೀರಿನ ಮೇಲೆಯೂ ಮರುಕಳಿಸಿತು. ಒಂದೇ ತಿಮಿಂಗಿಲದ ಸುತ್ತ ಹಲವು ದೋಣಿಗಳು ಮುತ್ತಿದಾಗ ಅದು ಬೇಗನೆ ಮುಳುಗುತ್ತದೆ, ಎಲ್ಲರ ಪ್ರವಾಸಿಗರೂ ಬರಿಗೈಯಾಗುತ್ತಾರೆ. 2012ರಲ್ಲಿ ಹೊರಟ ಸರ್ಕಾರಿ ನಿಯಮಗಳು 100 ಮೀಟರಿಗಿಂತ ಹತ್ತಿರ ದೋಣಿಯನ್ನು ಒಯ್ಯಬಾರದೆಂದು ವಿಧಿಸಿದವು. ನಿಯಮವು ಕಾಗದದ ಮೇಲೆ ಸ್ಪಷ್ಟವಾಗಿದ್ದರೂ ನಡುಗಡಲಿನಲ್ಲಿ ಅಳೆಯುವವರು ಯಾರು?

ಇನ್ನೂ ದೊಡ್ಡ ಅಪಾಯವೊಂದು ದೋಣಿ ಮಾಲೀಕರ ಕೈಮೀರಿದ್ದು. ಮಲಕ್ಕಾದಿಂದ ಸೂಯೆಜ್ ಕಡೆಗೆ ಸಾಗುವ ಜಗತ್ತಿನ ಅತ್ಯಂತ ನಿಬಿಡ ಹಡಗು ಮಾರ್ಗಗಳಲ್ಲೊಂದು ಈ ತಿಮಿಂಗಿಲಗಳ ಮೇವಿನ ತಾಣದ ಮೇಲೆಯೇ ಹಾದುಹೋಗುತ್ತದೆ. ಹಡಗಿಗೆ ಸಿಲುಕಿ ಸತ್ತ ತಿಮಿಂಗಿಲಗಳು ದಡಕ್ಕೆ ಬಂದದ್ದುಂಟು. 2022ರಲ್ಲಿ ಜಗತ್ತಿನ ಅತಿದೊಡ್ಡ ಕಂಟೇನರ್ ಹಡಗು ಸಂಸ್ಥೆಯಾದ ಎಂ.ಎಸ್.ಸಿ. ತನ್ನ ಹಡಗುಗಳನ್ನು ಸ್ವಯಂಪ್ರೇರಣೆಯಿಂದ ಸುಮಾರು 15 ನಾವಿಕ ಮೈಲಿ ದಕ್ಷಿಣಕ್ಕೆ ಸರಿಸಿ ನಡೆಸಲು ನಿರ್ಧರಿಸಿತು. ತಿಮಿಂಗಿಲದಿಂದ ಒಂದು ಕಾಸೂ ಲಾಭವಿಲ್ಲದ ಸಂಸ್ಥೆ ದೂರವನ್ನು ಕಾಯ್ದುಕೊಂಡಿತು, ಅದರಿಂದಲೇ ಬದುಕುವವರಲ್ಲಿ ಎಷ್ಟೋ ಮಂದಿಗೆ ಅದು ಕಷ್ಟವಾಯಿತು. ವಾಣಿಜ್ಯ ಸಂಸ್ಥೆಗಳ ಸದಸ್ಯರಾದ ನಾವು ಈ ವಿಪರ್ಯಾಸವನ್ನು ಗಮನಿಸಬೇಕು.

ಆಮೆಯ ಮೊಟ್ಟೆ: ಎರಡು ಮಾರಾಟ ಪದ್ಧತಿಗಳು

ಜಗತ್ತಿನ ಏಳು ಜಾತಿಯ ಕಡಲಾಮೆಗಳಲ್ಲಿ ಐದು ಶ್ರೀಲಂಕಾದ ತೀರಗಳಲ್ಲಿ ಮೊಟ್ಟೆಯಿಡುತ್ತವೆ. ಬೆಂತೋಟದ ಸಮೀಪದ ಕೊಸ್ಗೊಡದಲ್ಲಿ ರಸ್ತೆಯ ಬದಿಯಲ್ಲಿಯೇ ಆಮೆಮರಿ ಕೇಂದ್ರಗಳಿವೆ. ಮೊಟ್ಟೆ ಸಂಗ್ರಹಿಸುವವರಿಂದ ಮೊಟ್ಟೆಗಳನ್ನು ಕೊಂಡು, ಮರಳಿನಲ್ಲಿ ಹೂಳಿ, ಮರಿಗಳನ್ನು ತೊಟ್ಟಿಯಲ್ಲಿಟ್ಟು ತೋರಿಸುವುದು ಅಲ್ಲಿನ ರೂಢಿ. ಹೀಗೆ ಕೊಳ್ಳದಿದ್ದರೆ ಆ ಮೊಟ್ಟೆಗಳು ಅಡುಗೆಮನೆ ಸೇರುತ್ತಿದ್ದವೆಂಬ ಅವರ ವಾದವನ್ನು ತಳ್ಳಿಹಾಕಲಾಗದು. ಆದರೆ ಮೊಟ್ಟೆಯೊಡೆದ ಮರಿಯ ಹೊಟ್ಟೆಯಲ್ಲಿ ಉಳಿದಿರುವ ಬಂಡಾರದ ಶಕ್ತಿಯು, ಅಲೆಗಳನ್ನು ದಾಟಿ ಆಳದ ಕಡಲನ್ನು ಸೇರುವ ಮೊದಲ ಈಜಿಗಾಗಿ ಇರುವಂಥದು. ಹಗಲಿನಲ್ಲಿ ಬರುವ ಪ್ರವಾಸಿಗರ ಅನುಕೂಲಕ್ಕೆಂದು ತೊಟ್ಟಿಯಲ್ಲಿ ದಿನಗಟ್ಟಲೆ ಇಟ್ಟರೆ ಆ ಶಕ್ತಿಯು ಗೋಡೆಗೆ ಬಡಿದುಕೊಳ್ಳುವುದರಲ್ಲಿಯೇ ವ್ಯಯವಾಗುತ್ತದೆ.

ದಕ್ಷಿಣದ ತಂಗಲ್ಲೆಯ ಬಳಿಯ ರೆಕಾವದಲ್ಲಿ ಬೇರೊಂದು ವ್ಯವಸ್ಥೆ ಬೆಳೆಯಿತು. 1990ರ ದಶಕದಲ್ಲಿ ಅಲ್ಲಿನ ಸಂರಕ್ಷಣಾ ಯೋಜನೆಯೊಂದು ಮೊಟ್ಟೆ ಕದಿಯುತ್ತಿದ್ದ ಸ್ಥಳೀಯರನ್ನೇ ಗೂಡಿನ ಕಾವಲುಗಾರರನ್ನಾಗಿ ನೇಮಿಸಿತು. 2006ರಲ್ಲಿ ಆ ತೀರವು ಆಮೆಗಳ ಅಭಯಧಾಮವಾಯಿತು. ಮೊಟ್ಟೆಗಳು ಆಮೆ ಇಟ್ಟ ಜಾಗದಲ್ಲಿಯೇ ಉಳಿಯುತ್ತವೆ. ಪ್ರವಾಸಿಗನು ಶುಲ್ಕ ತೆತ್ತು ರಾತ್ರಿ ಕತ್ತಲೆಯಲ್ಲಿ ಕಾಯಬೇಕು. ಹಸಿರು ಕಡಲಾಮೆಯೊಂದು ದಡಕ್ಕೇರಿ ಗುಂಡಿ ತೋಡಿ ಮೊಟ್ಟೆಯಿಡುವುದನ್ನು ದೂರದಿಂದ ನೋಡಬಹುದು, ಕೆಲವು ರಾತ್ರಿ ಏನೂ ಬಾರದೆಯೂ ಇರಬಹುದು. ಕೊಸ್ಗೊಡವು ಖಚಿತವಾದ ಸರಕನ್ನು ಮಾರುತ್ತದೆ, ರೆಕಾವವು ನಿರೀಕ್ಷೆಯನ್ನು ಮಾರುತ್ತದೆ. ಎರಡನೆಯದನ್ನು ಮಾರುವುದು ಕಷ್ಟ. ಆದರೆ ಅದಕ್ಕಾಗಿ ಅತಿಥಿಯು ಊರಿನಲ್ಲಿಯೇ ಒಂದು ರಾತ್ರಿ ಉಳಿಯಬೇಕಾಗುತ್ತದೆಂಬುದನ್ನು ಹೋಟೆಲಿನವರು ಮರೆಯಬಾರದು.

ಮಿನ್ನೇರಿಯ ಮತ್ತು ಕಬಿನಿ

ಉತ್ತರ ಮಧ್ಯ ಪ್ರಾಂತದ ಮಿನ್ನೇರಿಯದಲ್ಲಿ ಮೂರನೆಯ ಶತಮಾನದ ದೊರೆ ಮಹಾಸೇನನ ಕಾಲದ ಕೆರೆಯೊಂದಿದೆ. ಆಗಸ್ಟ್–ಸೆಪ್ಟೆಂಬರ್ ತಿಂಗಳಲ್ಲಿ ನೀರು ಇಳಿದಂತೆ ಕೆರೆಯ ಅಂಗಳದಲ್ಲಿ ಹಸಿ ಹುಲ್ಲು ಚಿಗುರಿ, ಅದನ್ನು ಮೇಯಲು ಇನ್ನೂರು ಮುನ್ನೂರು ಆನೆಗಳು ನೆರೆಯುತ್ತವೆ. ಏಷ್ಯಾದ ಆನೆಗಳ ಅತಿದೊಡ್ಡ ಮೇಳವೆಂದು ಇದಕ್ಕೆ ಜಗತ್ಪ್ರಸಿದ್ಧಿ ಬಂತು, ಸುತ್ತಮುತ್ತ ಹೋಟೆಲುಗಳೂ ಬಂದವು. ಆದರೆ ಮೊರಗಹಕಂದ ಜಲಾಶಯ ಸಿದ್ಧವಾದ ಮೇಲೆ, ಬೇಸಿಗೆಯಲ್ಲಿಯೂ ಕೆರೆಗೆ ನೀರು ಬಿಟ್ಟ ವರ್ಷಗಳಲ್ಲಿ, ಹುಲ್ಲುಗಾವಲು ಮುಳುಗಿ ಆನೆಗಳು ಚದುರಿದವು. ನೀರಾವರಿ ಇಲಾಖೆಯ ತೂಬಿನ ಲೆಕ್ಕದಲ್ಲಿ ಹುಲ್ಲಿಗೆ ಅಂಕಣವಿರಲಿಲ್ಲ.

ಇದು ನಮಗೆ ತೀರ ಹತ್ತಿರದ ವಿಷಯ. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ನಾಗರಹೊಳೆಯ ಆನೆಗಳು ನೆರೆಯುವುದು ಇಂಥದೇ ಹುಲ್ಲಿಗಾಗಿ. 1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್ ಸಂಸ್ಥೆಯು ಹೆಸರು ಗಳಿಸಿದ್ದು ಆ ನೋಟದ ಮೇಲೆಯೇ. ಸಫಾರಿ ವಾಹನಗಳನ್ನು ನಡೆಸುವ ಹೊಣೆ ಸರ್ಕಾರಿ ಸಂಸ್ಥೆಯ ಕೈಯಲ್ಲಿದ್ದುದರಿಂದ ಯಾಲದ ಜೀಪುಗಳ ಪೈಪೋಟಿ ಅಲ್ಲಿ ಹುಟ್ಟಲಿಲ್ಲ. ಖಾಸಗಿ ರೆಸಾರ್ಟಿನವರು ಇದನ್ನು ತಮ್ಮ ವ್ಯಾಪಾರಕ್ಕೆ ಅಡ್ಡಿಯೆಂದು ಆಕ್ಷೇಪಿಸುವುದನ್ನು ಕೇಳಿದ್ದೇವೆ. ಯಾಲವನ್ನು ಒಮ್ಮೆ ನೋಡಿಬಂದವರು ಹಾಗೆ ಹೇಳಲಾರರು.

ಆದರೆ ಬೆಲೆ ತೆರುವವರು ಬೇರೆ ಇದ್ದಾರೆ. ಶ್ರೀಲಂಕಾದಲ್ಲಿ 2019ರೊಂದರಲ್ಲಿಯೇ 400ಕ್ಕೂ ಹೆಚ್ಚು ಆನೆಗಳು ಸತ್ತವು, ನೂರಕ್ಕೂ ಹೆಚ್ಚು ಜನರು ಆನೆಗಳಿಗೆ ಬಲಿಯಾದರು. ಸತ್ತವರು ಬಹುಮಟ್ಟಿಗೆ ಹೋಟೆಲಿನ ಬಾಡಿಗೆಯಲ್ಲಿ ಪಾಲಿಲ್ಲದ ರೈತರು. ನಮ್ಮಲ್ಲಿಯೂ ಕಾಡಂಚಿನ ಗ್ರಾಮಸ್ಥರು ಹುಲಿದಾಳಿಗೆ ತುತ್ತಾದ ಬಳಿಕ, 2025ರ ನವೆಂಬರಿನಲ್ಲಿ, ಬಂಡೀಪುರ ಮತ್ತು ನಾಗರಹೊಳೆಗಳ ಸಫಾರಿಯನ್ನು ಸರ್ಕಾರ ನಿಲ್ಲಿಸಿತು. ಕಟ್ಟಡ, ಮಂಚ, ಹವಾನಿಯಂತ್ರಕ ಎಲ್ಲವೂ ಯಥಾಸ್ಥಿತಿಯಲ್ಲಿದ್ದವು, ಅತಿಥಿಗೆ ಬರಲು ಕಾರಣವಿರಲಿಲ್ಲ.

ನಮ್ಮ ತೀರದಲ್ಲಿ

ಉತ್ತರ ಕನ್ನಡದಲ್ಲಿ ಹೊನ್ನಾವರದ ಕಾಸರಕೋಡು ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಆ ಭಾಗದ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ; ಅರಣ್ಯ ಇಲಾಖೆಯವರೂ ಮೀನುಗಾರರೂ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಆಮೆಗಳ ಹಂಗಾಮು ಚಳಿಗಾಲದ್ದು, ಅಂದರೆ ರೆಸಾರ್ಟುಗಳು ತುಂಬಿರುವ ಕಾಲದ್ದೇ. ಮರಿಯು ಮೊಟ್ಟೆಯೊಡೆದು ಹೊರಬಂದ ರಾತ್ರಿ, ಹೆಚ್ಚು ಬೆಳಕಿರುವ ದಿಕ್ಕೇ ಕಡಲೆಂದು ನಂಬಿ ಹೊರಡುತ್ತದೆ. ತೀರದ ಕಡೆ ಮುಖ ಮಾಡಿ ಹೊನಲು ದೀಪಗಳನ್ನು ಹಾಕಿದ ರೆಸಾರ್ಟಿನ ಮುಂದೆ ಅದು ಕಡಲಿಗೆ ಬೆನ್ನು ತಿರುಗಿಸಿ ಹುಲ್ಲುಹಾಸಿನತ್ತ ತೆವಳುತ್ತದೆ, ಬೆಳಗಾಗುವುದರೊಳಗೆ ಕಾಗೆ ನಾಯಿಗಳ ಪಾಲಾಗುತ್ತದೆ. ಆ ದೀಪಗಳನ್ನು ನೆಲದತ್ತ ತಿರುಗಿಸಿ ಮೇಲೊಂದು ಮುಚ್ಚಿಗೆ ಹಾಕಿಸುವುದು ಒಬ್ಬ ವಿದ್ಯುತ್ ಕೆಲಸಗಾರನಿಗೆ ಒಂದು ದಿನದ ಕೆಲಸ.