ಸಹಿಗೆ ಮೊದಲು ಒಂದು ಚೆಕ್

ಕೊಕ್ಕರ್ಣೆ ಪೇಟೆಯಲ್ಲಿ ಒಂದು ಗಳಿಗೆ ನಿಂತರೆ ಸಾಕು, ಈ ಪದ ಕಿವಿಗೆ ಬೀಳುತ್ತದೆ. ಟಯರಿನ ಗಾಳಿ ಚೆಕ್ ಮಾಡಿ, ಶುಗರ್ ಚೆಕ್ ಮಾಡಿಸಿದ್ರಾ, ಪಾರ್ಟಿ ಚೆಕ್ ಕೊಟ್ಟನಾ! ಆಗುಂಬೆ ಘಾಟಿಗೆ ಹೊರಟರೆ ಚೆಕ್‌ಪೋಸ್ಟ್, ತೋಡಿಗೆ ಅಡ್ಡ ಕಟ್ಟಿದರೆ ಚೆಕ್ ಡ್ಯಾಂ, ಬಟ್ಟೆ ಅಂಗಡಿಯಲ್ಲಿ ಚೆಕ್ಸ್ ಶರ್ಟು. ಇಷ್ಟು ಸಲ ಬಾಯಿಗೆ ಬರುವ ಪದ ಎಲ್ಲಿಂದ ಬಂತೆಂದು ಒಮ್ಮೆಯಾದರೂ ಯೋಚಿಸಿದ್ದೀರಾ? ಇಲ್ಲ ತಾನೆ. ಕುಳಿತುಕೊಳ್ಳಿ, ಹೇಳುತ್ತೇನೆ. ಇದರಲ್ಲಿ ನಿಮ್ಮ ದುಡ್ಡಿನ ವಿಷಯವೂ ಇದೆ.

ನಮ್ಮ ದೇಶದ ಚತುರಂಗ ಪರ್ಷಿಯಾಕ್ಕೆ ಹೋಯಿತು. ಅಲ್ಲಿ ಎದುರಾಳಿಯ ರಾಜನಿಗೆ ಕುತ್ತು ಬಂದಾಗ ‘ಶಾಹ್’ ಎನ್ನುತ್ತಿದ್ದರು, ಅಂದರೆ ರಾಜ. ಆ ಮಾತು ಅರಬ್ಬರನ್ನು ದಾಟಿ ಹಳೆಯ ಫ್ರೆಂಚಿನಲ್ಲಿ ‘ಎಶೆಕ್’ ಆಯಿತು, ಇಂಗ್ಲಿಷಿಗೆ ಬಂದಾಗ ‘ಚೆಕ್’ ಆಯಿತು. ರಾಜನಿಗೆ ಚೆಕ್ ಬಿದ್ದರೆ ಮಿಕ್ಕ ಲೆಕ್ಕಾಚಾರವನ್ನೆಲ್ಲ ಬದಿಗಿಟ್ಟು ಮೊದಲು ಅವನನ್ನು ಕಾಯಬೇಕು. ಹಾಗಾಗಿ ಪದಕ್ಕೆ ತಡೆ ಎಂಬ ಅರ್ಥ ಬಂತು. ತಡೆದು ನಿಲ್ಲಿಸಿದವನು ನೋಡದೆ ಬಿಡುತ್ತಾನೆಯೇ? ತಪಾಸಣೆ ಎಂಬ ಅರ್ಥವೂ ಹಿಂದೆಯೇ ಬಂತು. ನಿಮ್ಮ ಶರ್ಟಿನ ಚೌಕಳಿಗೆ ಈ ಹೆಸರು ಬಂದದ್ದು ಚದುರಂಗದ ಮಣೆಯ ಮನೆಗಳಿಂದ.

ಚೆಕ್ ಡ್ಯಾಮಿನಲ್ಲಿರುವುದು ಆ ತಡೆ ಎಂಬ ಅರ್ಥವೇ. ಸೀತಾನದಿ ಮಳೆಗಾಲದಲ್ಲಿ ತುಂಬಿ ಹರಿಯುವುದನ್ನು ಕಂಡು ಮೈಮರೆಯಬೇಡಿ, ಕಿಂಡಿ ಅಣೆಕಟ್ಟಿಗೆ ಹೊತ್ತಿಗೆ ಸರಿಯಾಗಿ ಹಲಗೆ ಹಾಕದಿದ್ದರೆ ಬೇಸಗೆಯಲ್ಲಿ ತೋಟ ಒಣಗುತ್ತದೆ. ಮಳೆ ನಿಂತು ತೋಡಿನ ಹರಿವು ಇಳಿಯುವಾಗಲೇ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಿ. ಪಂಚಾಯತಿನವರು ಮಾಡಲಿ ಎಂದು ಕೈಕಟ್ಟಿ ಕೂತರೆ ನೀರು ಕಾಯುವುದಿಲ್ಲ.

ಈಗ ಬ್ಯಾಂಕಿನ ಚೆಕ್. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಮೊದಲು ಈ ಹೆಸರು ಇದ್ದದ್ದು ಹಣದ ಚೀಟಿಗಲ್ಲ. ಚೀಟಿ ಹರಿದುಕೊಟ್ಟ ಮೇಲೆ ನಮ್ಮಲ್ಲೇ ಉಳಿಯುವ ತುಂಡಿಗೆ, ಅಂದರೆ ಕೌಂಟರ್‌ಫಾಯಿಲಿಗೆ. ಯಾರಾದರೂ ಮೊತ್ತ ತಿದ್ದಿದರೆ ತಾಳೆ ನೋಡಲಿಕ್ಕೆ ಅದು. ಕಾಣಿ, ನೀವು ಆ ತುಂಡನ್ನೇ ಖಾಲಿ ಬಿಡುತ್ತೀರಿ! ಯಾರಿಗೆ, ಯಾವತ್ತು, ಎಷ್ಟು ಕೊಟ್ಟಿರೆಂದು ಬರೆಯಲು ಅರ್ಧ ನಿಮಿಷ ಬೇಕೇ?

ಅದಕ್ಕಿಂತ ದೊಡ್ಡ ತಪ್ಪು ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡುವುದು. ಫೈನಾನ್ಸಿನವರು ಕೇಳಿದರು, ಗುರ್ತದವರು ಕೇಳಿದರು ಎಂದು ಕೊಟ್ಟುಬಿಡುತ್ತೀರಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಹೆಸರು, ಮೊತ್ತ, ತಾರೀಕು ಮೂರನ್ನೂ ನಿಮ್ಮ ಕೈಯಾರೆ ತುಂಬಿ. ಅಕ್ಷರದಲ್ಲಿ ಬರೆದ ಮೊತ್ತದ ಮುಂದೆ ‘ಮಾತ್ರ’ ಎಂದು ಸೇರಿಸಿ, ಉಳಿದ ಜಾಗಕ್ಕೆ ಗೆರೆ ಎಳೆಯಿರಿ. ಎಡಮೂಲೆಯಲ್ಲಿ ಎರಡು ಓರೆ ಗೆರೆ ಹಾಕಿ ‘ಎ/ಸಿ ಪೇಯಿ’ ಎಂದು ಬರೆದರೆ ಹಣ ಖಾತೆಗೇ ಹೋಗುತ್ತದೆ, ಕೌಂಟರಿನಲ್ಲಿ ಯಾರ ಕೈಗೂ ಸಿಗುವುದಿಲ್ಲ. ಬರೆದದ್ದು ತಪ್ಪಿದರೆ ಅದರ ಮೇಲೇ ತಿದ್ದಬೇಡಿ, ಹೊಸ ಹಾಳೆ ತೆಗೆಯಿರಿ. ನಿಮಗೇ ಯಾರಾದರೂ ಚೆಕ್ ಕೊಟ್ಟರೆ ದೇವರ ಪಟದ ಹಿಂದೆ ಸಿಕ್ಕಿಸಿಟ್ಟು ಮರೆಯಬೇಡಿ. 2012ರ ಏಪ್ರಿಲಿನಿಂದ ಅದರ ಆಯುಷ್ಯ ಬರೇ ಮೂರು ತಿಂಗಳು.

ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ಕೊಡುವ ಧೈರ್ಯವಂತೂ ಬೇಡವೇ ಬೇಡ. 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಂತೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಎರಡೂ ಆಗಬಹುದು. ನೋಟಿಸ್ ಕೈಸೇರಿದ ಮೇಲೆ ಹಣ ಕಟ್ಟಲು 15 ದಿನ ಸಿಗುತ್ತದೆ. ಆ ನೋಟಿಸನ್ನು ಮಡಚಿ ಕಪಾಟಿಗೆ ಹಾಕಿ, ಸಮನ್ಸ್ ಬಂದ ಮೇಲೆ ವಕೀಲರ ಮನೆಗೆ ಓಡಿದರೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮಕ್ಕಳಿಗೂ ಒಂದು ಮಾತು ಹೇಳಿಕೊಡಿ. ನಮ್ಮ ಬ್ಯಾಂಕಿನ ಚೆಕ್ಕಿಗೆ ಇಂಗ್ಲಿಷಿನಲ್ಲಿ ಕ್ಯೂ ಅಕ್ಷರ ಬರುತ್ತದೆ, ಅಮೆರಿಕದವರು ಸಿ, ಕೆ ಹಾಕಿ ಮುಗಿಸುತ್ತಾರೆ. ಅಲ್ಲಿನ ಹೋಟೆಲಿನಲ್ಲಿ ಚೆಕ್ ಎಂದರೆ ಊಟದ ಬಿಲ್ಲು. ಪದಕ್ಕೆ ಒಂದೇ ಅರ್ಥ ಉರುಹೊಡೆಯುವ ಬದಲು ನಿಘಂಟು ತೆರೆದು ನಾಲ್ಕು ಸಾಲು ಓದಲಿ.

ಇನ್ನೊಂದು. ಉಡುಪಿಯಲ್ಲೇ ಹುಟ್ಟಿದ ಎರಡು ಬ್ಯಾಂಕುಗಳು, 1906ರ ಕಾರ್ಪೊರೇಷನ್ ಮತ್ತು 1925ರ ಸಿಂಡಿಕೇಟ್, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ, ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಅವುಗಳ ಹಳೆ ಚೆಕ್ ಪುಸ್ತಕ ಈಗ ನಡೆಯುವುದಿಲ್ಲ. ಅಭಿಮಾನಕ್ಕೆ ಪಾಸ್‌ಬುಕ್ ಇಟ್ಟುಕೊಳ್ಳಿ, ಬೇಡ ಎನ್ನುವುದಿಲ್ಲ. ಪೆಟ್ಟಿಗೆಯಲ್ಲಿ ಹಳೆ ಚೆಕ್ ಹಾಳೆಗಳಿದ್ದರೆ, ಅದರಲ್ಲೂ ಅಪ್ಪಯ್ಯನೋ ಅಮ್ಮನೋ ಮೊದಲೇ ಸಹಿ ಹಾಕಿಟ್ಟದ್ದಿದ್ದರೆ, ಈ ಭಾನುವಾರವೇ ಹುಡುಕಿ ತೆಗೆದು ಚೂರುಚೂರು ಮಾಡಿ ಹಂಡೆಯ ಒಲೆಗೆ ಹಾಕಿ.