ಶೀತಸ್ತಂಭನ: ಟೆಕ್ಸಾಸ್ ಕಡಲಾಮೆಗಳ ಪಾಠ

ಕಡಲಾಮೆಯ ಮೈಬಿಸಿ ಬಹುಮಟ್ಟಿಗೆ ನೀರಿನ ಬಿಸಿಯನ್ನೇ ಅನುಸರಿಸುತ್ತದೆ. ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೃದಯಬಡಿತ ನಿಧಾನವಾಗಿ, ಈಜುಗಾಲು ಮರಗಟ್ಟಿ, ಆಮೆ ಸುಮ್ಮನೆ ತೇಲುತ್ತದೆ. ತಲೆಯೆತ್ತಿ ಉಸಿರು ತೆಗೆದುಕೊಳ್ಳಲಾಗದೆ ಮುಳುಗಿ ಸಾಯುವುದೂ ಉಂಟು. ಇದೇ ಶೀತಸ್ತಂಭನ.

2021ರ ಫೆಬ್ರುವರಿ ಚಳಿ ಟೆಕ್ಸಾಸ್‌ನ ಕನ್ನಡಿಗರಿಗೆ ನೆನಪಿರುವುದು ಕರೆಂಟ್ ಹೋಗಿದ್ದಕ್ಕೆ. ಇಲ್ಲಿ ಬೇಕಾದದ್ದು ಕರಾವಳಿಯ ಕಥೆ: ಸೌತ್ ಪಾಡ್ರೆ ದ್ವೀಪದ ಸಭಾಭವನದ ನೆಲದ ತುಂಬ ಸಾವಿರಾರು ಆಮೆಗಳನ್ನು ಸಾಲಾಗಿ ಮಲಗಿಸಿ ಬೆಚ್ಚಗಿಡಲಾಯಿತು. ಹೆಚ್ಚಿನವು ಹಸಿರು ಕಡಲಾಮೆ. ಅದೇ ವೇಳೆ ಟೆಕ್ಸಾಸ್ ಕರಾವಳಿಯಲ್ಲಿ ಕನಿಷ್ಠ 38 ಲಕ್ಷ ಮೀನು ಸತ್ತವೆಂದು ರಾಜ್ಯದ ವನ್ಯಜೀವಿ ಇಲಾಖೆಯ ಅಂದಾಜು. ಆಳ ನೀರಿಗೆ ಸರಿಯುವುದು ಮೀನುಗಳ ರೂಢಿಯ ಉಪಾಯ. ಆಳವಿಲ್ಲದ ಹಿನ್ನೀರು ಬೇಗ ತಣ್ಣಗಾದಾಗ ಅದೂ ಕೈಕೊಡುತ್ತದೆ.

ಅಂಟಾರ್ಕ್ಟಿಕಾದ ಮೀನುಗಳದು ಬೇರೆಯೇ ದಾರಿ. ರಕ್ತದಲ್ಲಿನ ಗ್ಲೈಕೊಪ್ರೋಟೀನ್ ಹಿಮಕಣಕ್ಕೆ ಅಂಟಿ ಅದು ಬೆಳೆಯದಂತೆ ತಡೆಯುತ್ತದೆ. ಹಾಗಾಗಿ ಅವು ಮೈನಸ್ 1.9 ಡಿಗ್ರಿಯಲ್ಲೂ ಬದುಕುತ್ತವೆ.

ಚಳಿಗೆ ಇರುವಂತೆ ಬಿಸಿಗೂ ಮಿತಿಯಿದೆ: ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಾಚೆ ಕಡಲಲ್ಲಿರುವ ಫ್ಲವರ್ ಗಾರ್ಡನ್ ಬ್ಯಾಂಕ್ಸ್ ಹವಳದಿಬ್ಬಗಳನ್ನು ನೋಡಿ. ನೀರು ಬಹುಕಾಲ ಸುಮಾರು 30 ಡಿಗ್ರಿ ದಾಟಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 2016ರಲ್ಲಿ ಅಲ್ಲಿ ಹಾಗೇ ಆಯಿತು.