ಯೋಚನೆ ಮೊದಲು, ಗೇರು ಆಮೇಲೆ

ಮಗೂ, ಪರ್ತ್‌ನಿಂದ ಕ್ಯಾಂಪರ್ ಟ್ರೇಲರ್ ಎಳೆದುಕೊಂಡು ಇಬ್ಬರೂ ಕಿಂಬರ್ಲಿಗೆ ಹೊರಟಿದ್ದೀರಿ, ಸಂತೋಷ. ಅಲ್ಲಿನ ಗಿಬ್ ರಿವರ್ ರಸ್ತೆ ಸುಮಾರು 660 ಕಿ.ಮೀ.; ಬಹುಪಾಲು ಮಣ್ಣು, ಜಲ್ಲಿ. ಬರೀ ಗಾಡಿಯಾದರೆ ದಾರಿ ತಪ್ಪಿದರೂ ತಿರುಗಿಸಿಕೊಂಡು ಬರಬಹುದು. ಬೆನ್ನಿಗೊಂದು ಟ್ರೇಲರ್ ಬಿದ್ದಮೇಲೆ ಆ ಸಲಿಗೆ ಇರುವುದಿಲ್ಲ.

ಜೋಪಾನ ಮನೆಯಂಗಳದಲ್ಲೇ ಶುರುವಾಗಲಿ. ಭಾರದ ಸಾಮಾನೆಲ್ಲ ತಳದಲ್ಲಿ, ಅಚ್ಚಿನ ನೇರಕ್ಕೆ ಇರಲಿ. ನೂರು ಲೀಟರಿನ ಟ್ಯಾಂಕ್ ತುಂಬಿಸಿದರೆ 100 ಕೆ.ಜಿ. ಏರಿತೆಂದೇ ಲೆಕ್ಕ. ಟ್ರೇಲರಿನ ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಕೊಂಡಿಯ ಮೇಲೆ ಕೂರಬೇಕು. ಹಿಂಬದಿ ಭಾರವಾದರೆ ಓಟದಲ್ಲಿ ಅತ್ತಿತ್ತ ಓಲಾಡತೊಡಗುತ್ತದೆ. ಆಗ ಗಾಬರಿಬಿದ್ದು ಬ್ರೇಕ್ ತುಳಿಯಬೇಡ, ಸ್ಟಿಯರಿಂಗ್ ತಿರುಚಬೇಡ. ಆಕ್ಸಿಲರೇಟರಿನಿಂದ ಕಾಲು ತೆಗೆ. ಗಾಡಿಯೊಳಗಿನ ಬ್ರೇಕ್ ಕಂಟ್ರೋಲರಿನಿಂದ ಟ್ರೇಲರಿನ ಬ್ರೇಕನ್ನಷ್ಟೇ ಹಿತವಾಗಿ ಹಾಕು.

ಡಾಂಬರು ಮುಗಿದಲ್ಲಿ ಗಾಡಿ, ಟ್ರೇಲರ್ ಎರಡರ ಟೈರಿನ ಗಾಳಿಯನ್ನೂ ಕಡಿಮೆ ಮಾಡು, ಜೊತೆಗೆ ವೇಗವನ್ನೂ. ನಿಂತಲ್ಲೆಲ್ಲ ಟ್ರೇಲರಿನ ಚಕ್ರದ ನಡುಭಾಗದ ಹತ್ತಿರ ಅಂಗೈ ಒಡ್ಡಿ ನೋಡು. ಎರಡೂ ಬದಿ ಒಂದೇ ಸಮ ಬೆಚ್ಚಗಿದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗ್ ಕೆಡುತ್ತಿರಬಹುದು, ಇಲ್ಲವೇ ಬ್ರೇಕ್ ಹಿಡಿದುಕೊಂಡಿರಬಹುದು. ಪರೀಕ್ಷಿಸದೆ ಮುಂದೆ ಹೋಗಬೇಡ. ಕಾದ ಬೇರಿಂಗನ್ನು ತಕ್ಷಣ ಹೊಳೆಗೂ ಇಳಿಸಬೇಡ. ಥಟ್ಟನೆ ತಣಿದು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಕಡಿದಾದ ಇಳಿಜಾರು ಇಳಿಯುವ ಮೊದಲು, ಮೇಲೆಯೇ ಲೋ ರೇಂಜ್ ಹಾಕಿಕೋ. ತಿರುವಿನಲ್ಲಿ ಟ್ರೇಲರ್ ಒಳಬದಿಗೆ ಕತ್ತರಿಸಿಕೊಂಡು ಬರುತ್ತದೆ, ಸ್ವಲ್ಪ ಅಗಲವಾಗಿ ತಿರುಗು. ರಿವರ್ಸ್ ತೆಗೆಯುವಾಗ ಸ್ಟಿಯರಿಂಗಿನ ಕೆಳತುದಿ ಹಿಡಿ: ಕೈ ಎತ್ತ ಸರಿಯುತ್ತದೋ ಟ್ರೇಲರಿನ ಹಿಂಭಾಗವೂ ಅತ್ತಲೇ. ನಿನ್ನ ಹೆಂಡತಿ ಇಳಿದು ಕೈಸನ್ನೆ ಮಾಡಲಿ. ಅವಳು ಕನ್ನಡಿಯಲ್ಲಿ ಕಾಣದಾದ ಕ್ಷಣ ನಿಲ್ಲಿಸಿಬಿಡು.

ನೀರಿಗಿಳಿದು ನಡೆದು ಆಳ ನೋಡುವ ರೂಢಿ ಈ ರಸ್ತೆಗೆ ಅಡ್ಡ ಬರುವ ಪೆಂಟೆಕಾಸ್ಟ್ ಹೊಳೆಯಲ್ಲಿ ಬೇಡ, ಅಲ್ಲಿ ಮೊಸಳೆಗಳಿವೆ. ದಡದಿಂದ ದೂರ ನಿಂತು, ಮುಂದಿನವರ ಗಾಡಿಗೆ ನೀರು ಎಲ್ಲಿವರೆಗೆ ಬಂತೆಂದು ಗಮನಿಸು.

ಎಲ್ಲಾದರೂ ಹೂತುಕೊಂಡರೆ, ಎಷ್ಟೇ ಅವಸರವಿದ್ದರೂ ಎಳೆಯುವ ಪಟ್ಟಿಯನ್ನು ಟೋ ಬಾಲ್‌ಗೆ ಸಿಕ್ಕಿಸಬೇಡ. ಜಗ್ಗಿದ ರಭಸಕ್ಕೆ ಆ ಕಬ್ಬಿಣದ ಗುಂಡು ಮುರಿದು ಹಾರಿ ಆಸ್ಟ್ರೇಲಿಯಾದಲ್ಲಿ ಜೀವಗಳೇ ಹೋಗಿವೆ. ಎಳೆಯಲೆಂದೇ ಮಾಡಿದ ಕೊಕ್ಕೆಗೆ ಕಟ್ಟು. ನೋಡುವವರನ್ನು ದೂರ ಕಳಿಸು.

ಮಿಚೆಲ್ ಜಲಪಾತದ ಆಸೆ ನಿನಗಿರುವುದು ನನಗೆ ಗೊತ್ತು. ಆ ದಾರಿ ಇನ್ನೂ ಒರಟು. ಎಷ್ಟೋ ಮಂದಿ ಡ್ರೈಸ್‌ಡೇಲ್ ರಿವರ್ ಸ್ಟೇಷನ್ನಿನಲ್ಲಿ ಟ್ರೇಲರ್ ಬಿಟ್ಟು, ಡೇರೆಯೊಂದನ್ನು ಗಾಡಿಗೆ ಹಾಕಿಕೊಂಡು ಹೋಗುತ್ತಾರೆ. ನೀನೂ ಹಾಗೇ ಮಾಡು. ಎಲ್ಲಿ ಎಳೆಯಬಾರದು ಎಂದು ತಿಳಿದವನೇ ಟ್ರೇಲರ್ ಎಳೆಯಲು ಲಾಯಕ್ಕು.